ಹರಾಜಿನ ಹೊತ್ತಿಗೇ ಸಾಯುತ್ತಿದ್ದ ಜಾವಾ ಕಂಟೇನರ್: 137 ಬಂದರೆ ಎಲ್ಲಿಂದ ಹುಡುಕಬೇಕು

ಕೋಲಾರದಲ್ಲಿ ಜೂನ್, ಜುಲೈ ಬಂತೆಂದರೆ ಟೊಮ್ಯಾಟೊ ಬಿಟ್ಟು ಬೇರೆ ಮಾತಿಲ್ಲ. ಎಪಿಎಂಸಿ ಯಾರ್ಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಎಲ್ಲಿ ನೋಡಿದರೂ ಕ್ರೇಟು. ರಾತ್ರಿಯೆಲ್ಲ ಗಾಡಿ ಬರುತ್ತವೆ, ಬೆಳಗ್ಗೆ ಹರಾಜು, ಹರಾಜು ಮುಗಿದ ಕೂಡಲೇ ರೈತರ ಕೈಗೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಕೊಡಬೇಕು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸಿಗೆ 2000 ರೂಪಾಯಿ ದಾಟಿ ಜನ ಮುಗಿಬಿದ್ದಿದ್ದರಲ್ಲ, ಆಗಲೂ ಕೈಕೊಡದ ಬಿಲ್ಲಿಂಗ್ ಸಾಫ್ಟ್‌ವೇರ್ 2025ರ ಜೂನ್‌ನಲ್ಲಿ ದಿನಕ್ಕೆ ನಾಲ್ಕೈದು ಸಲ ಬೀಳತೊಡಗಿತು. ಅದೂ ಹರಾಜು ಜೋರಾಗಿರುವ ಹೊತ್ತಿಗೇ.

ಒಂದು ಮಂಡಿಗೆ ಈ ಸಾಫ್ಟ್‌ವೇರ್ ಬರೆದುಕೊಟ್ಟು ನೋಡಿಕೊಳ್ಳುತ್ತಿರುವವನು ನಾನೇ. ಹಾಗಾಗಿ ಫೋನು ಬಂದದ್ದೂ ನನಗೇ.

"ಏನಪ್ಪಾ, ನಿನ್ ಸಿಸ್ಟಮ್ ಮತ್ತೆ ಮಲಗ್ತು. ಇಲ್ಲಿ ರೈತ್ರು ಪಟ್ಟಿಗೆ ನಿಂತವ್ರೆ."

"ಐದೇ ನಿಮಿಷ ಅಣ್ಣಾ, ನೋಡ್ತೀನಿ."

ಐದು ನಿಮಿಷ ಅಂದದ್ದು ನಾಲ್ಕು ದಿನ ಆಯಿತು. ಆ ನಾಲ್ಕು ದಿನದಲ್ಲಿ ಏನೇನು ನೋಡಿದೆ, ಎಲ್ಲೆಲ್ಲಿ ದಾರಿ ತಪ್ಪಿದೆ ಅಂತ ಬರೆದಿಡುತ್ತಿದ್ದೇನೆ. ಕಮಾಂಡುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲೇ ಹೊಡೆಯಿರಿ.

ಮೊದಲು ಸೆಟಪ್ ಹೇಳಿಬಿಡುತ್ತೇನೆ. ಮಂಡಿಯ ಮೇಲಿನ ರೂಮಿನಲ್ಲಿ 16 ಜಿಬಿ ರ್‍ಯಾಮ್, ನಾಲ್ಕು ಕೋರ್ ಇರುವ ಒಂದು ಮಷಿನ್, ಪಕ್ಕದಲ್ಲಿ ಯುಪಿಎಸ್. ಅದರಲ್ಲಿ ಉಬುಂಟು, ಅದರ ಮೇಲೆ ಡಾಕರ್ ಕಂಪೋಸ್, ಅಂದರೆ ಪ್ರೋಗ್ರಾಮುಗಳನ್ನು ಕಂಟೇನರ್ ಅನ್ನುವ ಬೇರೆಬೇರೆ ಡಬ್ಬಿಗಳಲ್ಲಿ ಓಡಿಸುವ ಸಾಧನ. ಮೂರು ಕಂಟೇನರ್: ಬಿಲ್ಲಿಂಗ್ ಆ್ಯಪ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ದಿನದ ಲೆಕ್ಕ ತೆಗೆಯುವ ಒಂದು ಸಣ್ಣ ರಿಪೋರ್ಟ್ ಸರ್ವಿಸ್. ಬಿಲ್ಲಿಂಗ್ ಆ್ಯಪ್ ಅಂದರೆ ಸ್ಪ್ರಿಂಗ್ ಬೂಟ್, ಜಾವಾ 8. ಹೌದು, ಇನ್ನೂ ಆ ಹಳೆ 8. ನಗಬೇಡಿ, ನಿಮ್ಮಲ್ಲೂ ಎಲ್ಲೋ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಈ ಕಂಟೇನರ್‌ಗೆ 2 ಜಿಬಿ ಮೆಮೊರಿ, ಒಂದು ಸಿಪಿಯು ಅಂತ ಮಿತಿ ಹಾಕಿದ್ದೆ. ವರ್ಷಗಟ್ಟಲೆ ಹಾಗೇ ಓಡಿತ್ತು.

ನಂಬರ್ ಏನು ಹೇಳುತ್ತದೆ

ಕಂಟೇನರ್ ಬಿದ್ದಾಗ ಎಲ್ಲರೂ ಮೊದಲು ಆ್ಯಪ್ ಲಾಗ್ ತೆಗೆಯುತ್ತಾರೆ. ನಾನೂ ಅದನ್ನೇ ಮಾಡಿದೆ. ಲಾಗ್‌ನಲ್ಲಿ ಏನೂ ಇಲ್ಲ. ಯಾವುದೋ ರೈತರ ಪಟ್ಟಿ ಸೇವ್ ಆದ ಸಾಲು, ಅದಾದ ಮೇಲೆ ನೇರವಾಗಿ ಆ್ಯಪ್ ಹೊಸದಾಗಿ ಶುರುವಾಗುವಾಗ ಬರುವ ಸ್ಪ್ರಿಂಗ್‌ನ ಬ್ಯಾನರ್. ನಡುವೆ ಒಂದು ಎಕ್ಸೆಪ್ಷನ್ ಇಲ್ಲ, ಒಂದು ಎಚ್ಚರಿಕೆ ಇಲ್ಲ. ಮಾತಾಡುತ್ತಾ ಇದ್ದವನು ಅರ್ಧ ವಾಕ್ಯದಲ್ಲಿ ಎದ್ದುಹೋದ ಹಾಗೆ.

ಈ ಮೌನವೇ ಮೊದಲ ಸುಳಿವು. ಜಾವಾ ತಾನಾಗಿ ಸತ್ತರೆ ಏನಾದರೂ ಗೊಣಗಿಯೇ ಸಾಯುತ್ತದೆ. ಗೊಣಗದೆ ಹೋಗಿದೆ ಅಂದರೆ ಹೊರಗಿನಿಂದ ಯಾರೋ ಕೊಂದಿದ್ದಾರೆ. ಆಗ ನೋಡಬೇಕಾದದ್ದು ಎಕ್ಸಿಟ್ ಕೋಡ್, ಅಂದರೆ ಪ್ರೊಸೆಸ್ ನಿಂತಾಗ ಬಿಟ್ಟುಹೋಗುವ ನಂಬರ್. ಡಾಕರ್ ಪಿಎಸ್‌ಗೆ ಮೈನಸ್ ಎ ಸೇರಿಸಿದರೆ ನಿಂತುಹೋದ ಕಂಟೇನರ್‌ಗಳ ಪಕ್ಕದಲ್ಲಿ ಕಾಣುತ್ತದೆ. ನಮ್ಮಲ್ಲಿ ರೀಸ್ಟಾರ್ಟ್ ಆಲ್ವೇಸ್ ಅಂತ ಇದ್ದುದರಿಂದ ಅದು ಬಿದ್ದ ಕೂಡಲೇ ಎದ್ದು ಕೂತು, ಏನೂ ಆಗೇ ಇಲ್ಲ ಅನ್ನುವ ಹಾಗೆ 'ಅಪ್ 3 ಮಿನಿಟ್ಸ್' ಅಂತ ತೋರಿಸುತ್ತಿತ್ತು. ಅದಕ್ಕೆ ಇನ್ನೊಂದು ಟರ್ಮಿನಲ್‌ನಲ್ಲಿ ಡಾಕರ್ ಇವೆಂಟ್ಸ್ ಓಡಿಸಿ ಬಿಟ್ಟೆ. ಮುಂದಿನ ಸಲ ಬಿದ್ದಾಗ 'ಡೈ' ಅನ್ನುವ ಸಾಲಿನಲ್ಲಿ ಸಿಕ್ಕಿತು: 137.

128ಕ್ಕಿಂತ ಜಾಸ್ತಿ ಇರುವ ಕೋಡ್ ಬಂದರೆ ಅದರಿಂದ 128 ಕಳೆಯಿರಿ, ಉಳಿದದ್ದು ಸಿಗ್ನಲ್ ನಂಬರ್. 137ರಲ್ಲಿ 9 ಉಳಿಯುತ್ತದೆ, ಸಿಗ್‌ಕಿಲ್, ಅಂದರೆ ಹೇಳದೆ ಕೇಳದೆ ಕೊಲ್ಲುವ ಸಿಗ್ನಲ್. 143ರಲ್ಲಿ 15, ಸಿಗ್‌ಟರ್ಮ್, ಅಂದರೆ ಯಾರೋ ಮರ್ಯಾದೆಯಿಂದ ನಿಲ್ಲು ಅಂದಿದ್ದಾರೆ, ಅದೂ ನಿಂತಿದೆ. ಬರೀ 1 ಬಂದರೆ ಹೆಚ್ಚಿನ ಸಲ ಆ್ಯಪ್‌ನದೇ ತಪ್ಪು, ಲಾಗ್ ಓದಿ. 127 ಬಂದರೆ ಕಮಾಂಡೇ ಸಿಕ್ಕಿಲ್ಲ, 126 ಅಂದರೆ ಸಿಕ್ಕಿದೆ ಆದರೆ ಓಡಿಸಲು ಪರ್ಮಿಷನ್ ಇಲ್ಲ. ಇವೆರಡೂ ಡಾಕರ್‌ಫೈಲ್‌ನಲ್ಲಿ ಕೈತಪ್ಪಿ ಆಗುವಂಥವು, ಐದು ನಿಮಿಷದ ಕೆಲಸ.

ಕೊಂದವರು ಯಾರು

ಇಲ್ಲಿ ನನ್ನ ಒಂದು ದಿನ ಪೂರ್ತಿ ಹಾಳಾಯಿತು, ಆದ್ದರಿಂದ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

137 ನೋಡಿದ ಕೂಡಲೇ ಎಲ್ಲರೂ ಮೆಮೊರಿ ಅನ್ನುತ್ತಾರೆ. ಆದರೆ ಸಿಗ್‌ಕಿಲ್ ಕಳಿಸುವವರು ಸಾಮಾನ್ಯವಾಗಿ ಇಬ್ಬರು. ಒಂದು, ಮಿತಿ ದಾಟಿದ ಪ್ರೊಸೆಸ್ಸನ್ನು ಕೊಲ್ಲುವ ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಇನ್ನೊಂದು, ಡಾಕರ್ ತಾನೇ. ಡಾಕರ್ ಸ್ಟಾಪ್ ಅಥವಾ ರೀಸ್ಟಾರ್ಟ್ ಕೊಟ್ಟರೆ ಅದು ಮೊದಲು ಸಿಗ್‌ಟರ್ಮ್ ಕಳಿಸಿ 10 ಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ನಿಲ್ಲದಿದ್ದರೆ ಸಿಗ್‌ಕಿಲ್. ಎರಡಕ್ಕೂ ಕೋಡ್ ಒಂದೇ, 137.

ಕರ್ನಲ್ ಕೊಂದಿದ್ದರೆ ಡಾಕರ್ ಇನ್‌ಸ್ಪೆಕ್ಟ್‌ನ ಸ್ಟೇಟ್ ಭಾಗದಲ್ಲಿ ಓಓಎಂಕಿಲ್ಡ್ ಟ್ರೂ ಅಂತ ಇರುತ್ತದೆ. ಆದರೆ ಕಂಟೇನರ್ ಮತ್ತೆ ಎದ್ದಿದ್ದರೆ ಈ ಗುರುತನ್ನು ನೆಚ್ಚಿಕೊಳ್ಳಬೇಡಿ, ಹೋಸ್ಟ್ ಮಷಿನ್‌ನಲ್ಲಿ ಡಿಮೆಸೇಜ್ (dmesg, ಕರ್ನಲ್‌ನ ಲಾಗ್) ತೆಗೆದು ನೋಡಿ. ಅಲ್ಲಿ 'ಮೆಮೊರಿ ಸಿಗ್ರೂಪ್ ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್' ಅಂತ ಶುರುವಾಗುವ ಸಾಲು, ಮುಂದೆ ಪ್ರೊಸೆಸ್ ನಂಬರ್, ಬ್ರ್ಯಾಕೆಟ್‌ನಲ್ಲಿ ಜಾವಾ ಅಂತ ಇದ್ದರೆ ಕಂಟೇನರ್ ತನ್ನ ಮಿತಿ ದಾಟಿದೆ. 'ಮೆಮೊರಿ ಸಿಗ್ರೂಪ್' ಅನ್ನುವ ಎರಡು ಪದ ಇಲ್ಲದೆ ಬರೀ 'ಔಟ್ ಆಫ್ ಮೆಮೊರಿ' ಇದ್ದರೆ ಕಥೆ ಬೇರೆ, ಇಡೀ ಮಷಿನ್‌ನಲ್ಲೇ ರ್‍ಯಾಮ್ ಖಾಲಿಯಾಗಿದೆ, ಪಕ್ಕದ ಪೋಸ್ಟ್‌ಗ್ರೆಸ್ ತಿಂದು ನಿಮ್ಮ ಜಾವಾ ತಲೆ ಕೊಟ್ಟಿರಬಹುದು. ಈ ಎರಡು ಪದ ನೋಡದೆ ಕಂಟೇನರ್ ಮಿತಿ ಏರಿಸಿದರೆ ರೋಗ ಇನ್ನೂ ಕೆಡುತ್ತದೆ.

ನಮ್ಮಲ್ಲಿ ಒಂದು ಬೆಳಗ್ಗೆ ಐದು ಸಲ 137 ಬಂತು. ಡಿಮೆಸೇಜ್‌ನಲ್ಲಿ ಮಾತ್ರ ಮೂರೇ ಸಾಲು. ಉಳಿದ ಎರಡು ಎಲ್ಲಿಂದ? ತಲೆ ಕೆರೆದುಕೊಂಡು ಸಂಜೆವರೆಗೆ ಕೂತೆ. ಹಾರ್ಡ್‌ವೇರ್ ಮೇಲೂ ಅನುಮಾನ ಪಟ್ಟೆ. ಕೊನೆಗೆ ಮಂಡಿಗೇ ಹೋಗಿ ಗುಮಾಸ್ತರ ಪಕ್ಕ ಕೂತಾಗ ಗೊತ್ತಾಯಿತು.

"ಸ್ಲೋ ಆದಾಗ ನೀವೇ ಕೊಟ್ಟಿದ್ರಲ್ಲ ಸಾರ್, ಈ ಐಕಾನ್, ಅದನ್ನ ಒತ್ತುತೀನಿ."

ಹಿಂದೊಮ್ಮೆ ನಾನೇ ಅವರ ಡೆಸ್ಕ್‌ಟಾಪ್‌ನಲ್ಲಿ ಇಟ್ಟಿದ್ದ ರೀಸ್ಟಾರ್ಟ್ ಶಾರ್ಟ್‌ಕಟ್! ಅವರು ಒತ್ತಿದಾಗ ಡಾಕರ್ ಸಿಗ್‌ಟರ್ಮ್ ಕಳಿಸುತ್ತಿತ್ತು, ಆದರೆ ಅದು ಜಾವಾಕ್ಕೆ ತಲುಪುತ್ತಲೇ ಇರಲಿಲ್ಲ. ಯಾಕೆಂದರೆ ನಮ್ಮ ಎಂಟ್ರಿಪಾಯಿಂಟ್, ಅಂದರೆ ಕಂಟೇನರ್ ಎದ್ದಾಗ ಮೊದಲು ಓಡುವುದು, ಒಂದು ಶೆಲ್ ಸ್ಕ್ರಿಪ್ಟ್. ಡೇಟಾಬೇಸ್ ಎದ್ದಿದೆಯಾ ಅಂತ ನೋಡಿಕೊಂಡು ಆಮೇಲೆ ಜಾವಾ ಶುರುಮಾಡುತ್ತದೆ. ಕಂಟೇನರ್‌ನ ಒಂದನೇ ನಂಬರ್ ಪ್ರೊಸೆಸ್ ಆ ಶೆಲ್, ಜಾವಾ ಅದರ ಮಗು. ಒಂದನೇ ನಂಬರ್ ಪ್ರೊಸೆಸ್‌ಗೆ ಸಿಗ್‌ಟರ್ಮ್ ಬಂದರೆ, ಅದನ್ನು ಹಿಡಿಯುವ ಏರ್ಪಾಡು ಇಲ್ಲದಿದ್ದರೆ, ಏನೂ ಆಗುವುದಿಲ್ಲ. ಶೆಲ್ ಮಗುವಿಗೂ ಹೇಳುವುದಿಲ್ಲ. ಹತ್ತು ಸೆಕೆಂಡ್ ಕಳೆದು ಡಾಕರ್ ಎಲ್ಲರನ್ನೂ ಕೊಲ್ಲುತ್ತದೆ.

ರಿಪೇರಿ ಒಂದೇ ಪದ. ಸ್ಕ್ರಿಪ್ಟಿನ ಕೊನೆಯ ಸಾಲಿನಲ್ಲಿ ಜಾವಾ ಮುಂದೆ ಎಕ್ಸೆಕ್ ಅಂತ ಸೇರಿಸಿದೆ. ಆಗ ಶೆಲ್ ಇದ್ದ ಜಾಗದಲ್ಲೇ ಜಾವಾ ಬಂದು ಕೂರುತ್ತದೆ, ಸಿಗ್ನಲ್ ನೇರವಾಗಿ ಅದಕ್ಕೇ. ಈಗ ಐಕಾನ್ ಒತ್ತಿದರೆ 143 ಬರುತ್ತದೆ, ಕೈಯಲ್ಲಿದ್ದ ಪಟ್ಟಿ ಸೇವ್ ಆಗಿ ನಿಲ್ಲುತ್ತದೆ. ಸ್ಪ್ರಿಂಗ್ ಬೂಟ್ 2.3 ಅಥವಾ ಅದಕ್ಕಿಂತ ಹೊಸದು ಇದ್ದರೆ ಸರ್ವರ್ ಡಾಟ್ ಶಟ್‌ಡೌನ್ ಗ್ರೇಸ್‌ಫುಲ್ ಅಂತಲೂ ಹಾಕಿಕೊಳ್ಳಿ. ಗುಮಾಸ್ತರದು ಏನೂ ತಪ್ಪಿಲ್ಲ, ಅಲ್ವಾ. ಆದರೆ ಆ ಎರಡು 137ರಿಂದ ನಾನು ಇಡೀ ದಿನ ಇಲ್ಲದ ಹಾದಿ ಹಿಡಿದಿದ್ದೆ.

ಬರದೇ ಹೋದ ಹೀಪ್ ಡಂಪ್

ಉಳಿದ ಮೂರು ಸಾವು ಮೆಮೊರಿಯದ್ದೇ ಅಂತ ಖಾತ್ರಿಯಾಯಿತು. ನನ್ನ ಮುಂದಿನ ಯೋಚನೆ: ಕೋಡ್‌ನಲ್ಲಿ ಎಲ್ಲೋ ಲೀಕ್ ಇದೆ, ಬಳಸಿದ ಮೆಮೊರಿ ವಾಪಸ್ ಬಿಡುತ್ತಿಲ್ಲ. ಹೀಪ್‌ಡಂಪ್‌ಆನ್‌ಔಟ್‌ಆಫ್‌ಮೆಮೊರಿಎರರ್ ಫ್ಲ್ಯಾಗ್ ಹಾಕಿ ಡಂಪ್ ಫೈಲ್, ಅಂದರೆ ಹೀಪ್‌ನ (ಜಾವಾ ತನ್ನ ಡೇಟಾ ಇಡುವ ಮೆಮೊರಿಯ) ನಕಲು, ಬರಲಿ ಅಂತ ಕಾದೆ. ಬಿತ್ತು, ಎದ್ದಿತು, ಮತ್ತೆ ಬಿತ್ತು. ಫೋಲ್ಡರ್ ಖಾಲಿ.

ಬರುವುದೂ ಇಲ್ಲ. ಔಟ್‌ಆಫ್‌ಮೆಮೊರಿಎರರ್ ಅನ್ನುವುದು ಜೆವಿಎಂ, ಅಂದರೆ ಜಾವಾ ಪ್ರೋಗ್ರಾಮನ್ನು ಓಡಿಸುವ ಭಾಗ, ಎಸೆಯುವ ಎರರ್. ತನಗೆ ಗೊತ್ತಿರುವ ಹೀಪ್ ಮಿತಿ ಮುಟ್ಟಿದಾಗ ಮಾತ್ರ ಅದು ಎಸೆಯುತ್ತದೆ. ಕರ್ನಲ್ ಕೊಲ್ಲುವುದು ಕಂಟೇನರ್ ಮಿತಿ ಮುಟ್ಟಿದಾಗ. ಹೀಪ್ ಮಿತಿ ಮುಟ್ಟುವ ಮೊದಲೇ ಕಂಟೇನರ್ ಮಿತಿ ಬಂದರೆ ಜೆವಿಎಂಗೆ ತಾನು ಸಾಯುತ್ತಿದ್ದೇನೆ ಅನ್ನುವುದೂ ತಿಳಿಯುವುದಿಲ್ಲ, ಡಂಪ್ ಬರೆಯುವುದು ದೂರದ ಮಾತು. ಆದ್ದರಿಂದ ಕರ್ನಲ್ ಕೊಂದದ್ದು ಖಾತ್ರಿಯಾಗಿ, ಡಂಪ್ ಬರದೇ ಇದ್ದರೆ, ಲೀಕ್ ಹುಡುಕುವುದನ್ನು ಸದ್ಯಕ್ಕೆ ಬಿಡಿ. ಮೊದಲು ಈ ಎರಡು ಮಿತಿಗಳು ಎಷ್ಟೆಷ್ಟು ಅಂತ ನೋಡಿ.

ನಾನು ಇದನ್ನು ಮೊದಲ ದಿನವೇ ನೋಡಬೇಕಿತ್ತು. ನೋಡಲಿಲ್ಲ, ಯಾಕೆಂದರೆ 'ಕೋಡ್ ಮುಟ್ಟೇ ಇಲ್ಲವಲ್ಲ, ಸೆಟ್ಟಿಂಗ್ ಬದಲಾಗಿಲ್ಲವಲ್ಲ' ಅನ್ನುವುದೇ ತಲೆಯಲ್ಲಿ ಓಡುತ್ತಿತ್ತು.

ಜೆವಿಎಂ ಬಾಯಿಂದಲೇ ಕೇಳುವುದು

ಮಧ್ಯಾಹ್ನ ಮಂಡಿ ತಣ್ಣಗಾದ ಮೇಲೆ ಡಾಕರ್ ಎಕ್ಸೆಕ್ ಮಾಡಿ ಕಂಟೇನರ್ ಒಳಗೇ ಇನ್ನೊಂದು ಜಾವಾ ಓಡಿಸಿದೆ: ಪ್ರಿಂಟ್‌ಫ್ಲ್ಯಾಗ್ಸ್‌ಫೈನಲ್ ಫ್ಲ್ಯಾಗ್ ಜೊತೆ ಮೈನಸ್ ವರ್ಷನ್, ಅದರಲ್ಲಿ ಮ್ಯಾಕ್ಸ್‌ಹೀಪ್‌ಸೈಜ್ ಅಂತ ಗ್ರೆಪ್. ಒಳಗೆ ಓಡಿಸಬೇಕು, ಹೊರಗಲ್ಲ, ಅದೇ ಮಿತಿಯಲ್ಲಿ ಓಡಿದರೆ ತಾನೇ ಅದೇ ಉತ್ತರ ಬರುವುದು. ಹರಾಜಿನ ನಡುವೆ ಮಾತ್ರ ಮಾಡಬೇಡಿ, ಮೊದಲೇ ಕತ್ತಿನವರೆಗೆ ತುಂಬಿರುವ ಕಂಟೇನರ್‌ಗೆ ಇನ್ನೊಂದು ಜೆವಿಎಂ ತುರುಕಿದರೆ ನೀವೇ ಕೊಂದ ಹಾಗೆ.

ಬಂದ ಉತ್ತರ: 4 ಜಿಬಿಗೆ ಒಂಚೂರು ಕಡಿಮೆ.

ಕಂಟೇನರ್‌ಗೆ ಕೊಟ್ಟದ್ದೇ 2 ಜಿಬಿ. ಅದರೊಳಗಿನ ಜೆವಿಎಂ ತನ್ನ ಹೀಪ್ 4 ಜಿಬಿವರೆಗೆ ಬೆಳೆಯಬಹುದು ಅಂತ ಕೂತಿದೆ! ಏನೂ ಹೇಳದಿದ್ದರೆ ಜೆವಿಎಂ ತಾನು ಕಂಡ ಮೆಮೊರಿಯ ಕಾಲು ಭಾಗವನ್ನು ಹೀಪ್‌ನ ಗರಿಷ್ಠ ಮಿತಿ ಮಾಡಿಕೊಳ್ಳುತ್ತದೆ. 2 ಜಿಬಿಯ ಕಾಲು ಭಾಗ 512 ಎಂಬಿ ಆಗಬೇಕಿತ್ತು. 4 ಜಿಬಿ ಅಂದರೆ ಅದು 16 ಜಿಬಿ ನೋಡುತ್ತಿದೆ. ಅಂದರೆ ಕಂಟೇನರ್‌ನ ಗೋಡೆಯೇ ಅದಕ್ಕೆ ಕಾಣುತ್ತಿಲ್ಲ. ಬಾಡಿಗೆಗೆ ಒಂದು ರೂಮು ಕೊಟ್ಟರೆ ಇಡೀ ವಠಾರವೇ ತನ್ನದು ಅಂದುಕೊಂಡ ಹಾಗೆ.

ಇದೇ ಆ್ಯಪ್ ಮೊದಲು 512 ಎಂಬಿ ಹೀಪ್‌ನಲ್ಲಿ ಸುಖವಾಗಿ ಓಡುತ್ತಿತ್ತು, ಈಗ 2 ಜಿಬಿ ಯಾಕೆ ಸಾಲುತ್ತಿಲ್ಲ? ಹೀಪ್ ಚಿಕ್ಕದಿದ್ದಾಗ ಬೇಡದ ಡೇಟಾ ತೆಗೆಯುವ ಗಾರ್ಬೇಜ್ ಕಲೆಕ್ಟರ್ (ಜಿಸಿ) ಆಗಾಗ ಗುಡಿಸುತ್ತಿತ್ತು. 4 ಜಿಬಿ ಇದೆ ಅಂದುಕೊಂಡಾಗ ಅದಕ್ಕೆ ಅವಸರ ಇಲ್ಲ, ಕಸ ಬೀಳಲಿ ಬಿಡು, ಜಾಗ ಬೇಕಾದಷ್ಟಿದೆ ಅಂತ ಹೀಪ್ ಬೆಳೆಸುತ್ತಾ ಹೋಗುತ್ತದೆ. ಬೇರೆ ಹೊತ್ತಿನಲ್ಲಿ ಪಟ್ಟಿ ಕಡಿಮೆ, ಬೆಳವಣಿಗೆ ನಿಧಾನ. ಹರಾಜಿನ ಹೊತ್ತಿನಲ್ಲಿ ಒಂದೇ ಸಮನೆ ಪಟ್ಟಿ, ಪಿಡಿಎಫ್, ಹೀಪ್ ಸರ್ರನೆ ಏರಿ 2 ಜಿಬಿ ಗೋಡೆಗೆ ಹೊಡೆಯುತ್ತದೆ. ಸಾಯುವ ಮೊದಲು ಸ್ಲೋ ಆಗುತ್ತಿದ್ದುದಕ್ಕೂ ಕಾರಣ ಸಿಕ್ಕಿತು: ಮೆಮೊರಿ ಮಿತಿ ಮಾತ್ರ ಹಾಕಿ ಸ್ವಾಪ್ (ರ್‍ಯಾಮ್ ಸಾಲದಾಗ ಬಳಸುವ ನಿಧಾನದ ಡಿಸ್ಕ್ ಜಾಗ) ಬಗ್ಗೆ ಏನೂ ಹೇಳದಿದ್ದರೆ ಡಾಕರ್ ಅಷ್ಟೇ ಪ್ರಮಾಣದ ಸ್ವಾಪ್ ಬಳಸಲೂ ಬಿಡುತ್ತದೆ. ಹೋಸ್ಟ್‌ನಲ್ಲಿ ಸ್ವಾಪ್ ಇತ್ತು, ಅದನ್ನೂ ನುಂಗಿಯೇ ಸಾಯುತ್ತಿತ್ತು.

ಹಾಗಾದರೆ ಬದಲಾದದ್ದೇನು

ಜೂನ್ ಮೊದಲ ವಾರ ನಾನು ಹೋಸ್ಟ್ ಮಷಿನ್‌ನ ಉಬುಂಟುವನ್ನು 20.04ರಿಂದ 22.04ಕ್ಕೆ ಏರಿಸಿದ್ದೆ. 20.04ರ ಮಾಮೂಲಿ ಸಪೋರ್ಟ್ 2025ರಲ್ಲಿ ಮುಗಿಯಿತಲ್ಲ, ಸೀಸನ್‌ಗೆ ಮುಂಚೆ ಮುಗಿಸೋಣ ಅಂತ ಮಾಡಿದ ಒಳ್ಳೆ ಕೆಲಸ. ಕಂಟೇನರ್ ಒಳಗೆ ಒಂದು ಬೈಟ್ ಮುಟ್ಟಿರಲಿಲ್ಲ. ಕಂಟೇನರ್ ಅಂದರೆ ಹೋಸ್ಟ್ ಯಾವುದಾದರೂ ಒಂದೇ ಅಂತ ಎಲ್ಲರೂ ಹೇಳುತ್ತಾರೆ, ನಾನೂ ನಂಬಿದ್ದೆ. ಕರ್ನಲ್ ಮಾತ್ರ ಹೋಸ್ಟ್‌ನದೇ ಅನ್ನುವುದು ಆ ಮಾತಿನಲ್ಲಿ ಬರುವುದಿಲ್ಲ.

ಮೆಮೊರಿ, ಸಿಪಿಯು ಮಿತಿ ಹಾಕುವುದು ಕರ್ನಲ್‌ನ ಸಿಗ್ರೂಪ್. ಅದರಲ್ಲಿ ಎರಡು ಆವೃತ್ತಿ ಇವೆ. ಉಬುಂಟು 21.10ರಿಂದ ಎರಡನೆಯದೇ ಡಿಫಾಲ್ಟ್, ಆದ್ದರಿಂದ 22.04ರಲ್ಲೂ ಅದೇ. ಮೊದಲ ಆವೃತ್ತಿಯಲ್ಲಿ ಮೆಮೊರಿ ಮಿತಿ ಮೆಮೊರಿ ಡಾಟ್ ಲಿಮಿಟ್ ಇನ್ ಬೈಟ್ಸ್ ಅನ್ನುವ ಫೈಲ್‌ನಲ್ಲಿ ಇರುತ್ತಿತ್ತು. ಎರಡನೆಯದರಲ್ಲಿ ಅದು ಮೆಮೊರಿ ಡಾಟ್ ಮ್ಯಾಕ್ಸ್, ಫೋಲ್ಡರ್ ಜೋಡಣೆಯೂ ಬೇರೆ. ಹಳೆ ಜಾವಾ ಹಳೆ ಜಾಗದಲ್ಲೇ ಹುಡುಕುತ್ತದೆ. ಸಿಗದಿದ್ದರೆ ಮಿತಿಯೇ ಇಲ್ಲ ಅಂದುಕೊಂಡು ಇಡೀ ಮಷಿನ್‌ನ ರ್‍ಯಾಮ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಿಮ್ಮಲ್ಲಿ ಯಾವುದಿದೆ ಅಂತ ಡಾಕರ್ ಇನ್ಫೋದಲ್ಲಿ ಸಿಗ್ರೂಪ್ ವರ್ಷನ್ ಅನ್ನುವ ಸಾಲು ಹೇಳುತ್ತದೆ. ಕಂಟೇನರ್ ಒಳಗಿನ ಮೆಮೊರಿ ಡಾಟ್ ಮ್ಯಾಕ್ಸ್ ಫೈಲ್ ಕ್ಯಾಟ್ ಮಾಡಿದೆ: 2147483648. ಸರಿಯಾಗಿ 2 ಜಿಬಿ. ಚೀಟಿ ಬಾಗಿಲ ಮೇಲೇ ಅಂಟಿಸಿದೆ, ನಮ್ಮ ಜೆವಿಎಂ ಅದನ್ನು ಓದಲು ಕಲಿತಿಲ್ಲ ಅಷ್ಟೇ.

ಯಾವ ಜಾವಾ ಯಾವಾಗ ಕಲಿಯಿತು ಅನ್ನುವುದು ಮುಖ್ಯ. ಮೊದಲ ಸಿಗ್ರೂಪ್‌ನ ಮಿತಿಯನ್ನು ತಾನಾಗಿ ಓದುವುದು 2018ರಲ್ಲಿ ಜಾವಾ 10ರಲ್ಲಿ ಬಂತು, ಅದೇ ವರ್ಷ 8ರ ಅಪ್‌ಡೇಟ್ 191ಕ್ಕೂ ತಂದರು. ಎರಡನೇ ಸಿಗ್ರೂಪ್ ಓದುವುದು ಬಂದದ್ದು ಜಾವಾ 15ರಲ್ಲಿ, 2020ರಲ್ಲಿ. ಹಳೆಯವಕ್ಕೆ ಅದು ತಲುಪಲು ತಡವಾಯಿತು: 11ರಲ್ಲಿ 11.0.16, ಜಾವಾ 8ರಲ್ಲಿ ಅಪ್‌ಡೇಟ್ 372, ಅಂದರೆ 2023ರ ಏಪ್ರಿಲ್.

ನಮ್ಮ ಕಂಟೇನರ್‌ನಲ್ಲಿ ಜಾವಾ ವರ್ಷನ್ ಕೇಳಿದೆ. ಅಪ್‌ಡೇಟ್ 342.

ಇದೇ ನನಗೆ ಜಾಸ್ತಿ ಉರಿದದ್ದು. ನಾನು ಪ್ರತಿ ತಿಂಗಳೂ ಬಿಲ್ಡ್ ಮಾಡುವಾಗ ಪುಲ್ ಅಂತ ಕೊಟ್ಟು ಹೊಸ ಬೇಸ್ ಇಮೇಜ್, ಅಂದರೆ ಕಂಟೇನರ್ ಕಟ್ಟಲು ಬುನಾದಿ, ಎಳೆಯುತ್ತಿದ್ದೆ. ಎಲ್ಲ ಲೇಟೆಸ್ಟ್ ಇದೆ ಅಂತ ನೆಮ್ಮದಿಯಾಗಿದ್ದೆ. ಆದರೆ ಡಾಕರ್ ಹಬ್‌ನ ಓಪನ್‌ಜೆಡಿಕೆ ಅನ್ನುವ ಇಮೇಜನ್ನು 2022ರಲ್ಲೇ ಡಿಪ್ರಿಕೇಟ್ ಮಾಡಿದ್ದಾರೆ, ಅಂದರೆ ಕೈಬಿಟ್ಟಿದ್ದಾರೆ. ಅದರ ಜಾವಾ 8 ಟ್ಯಾಗ್ 342ರಲ್ಲಿ ನಿಂತುಹೋಗಿದೆ. ಟ್ಯಾಗ್ ಆಗಲೂ ಇತ್ತು, ಎಳೆದರೆ ಬರುತ್ತಿತ್ತು, ಎರರ್ ಇರಲಿಲ್ಲ. ಬಾಗಿಲು ಹಾಕಿದ ಅಂಗಡಿಯ ಬೋರ್ಡಿನ ಲೈಟ್ ಮಾತ್ರ ಉರಿಯುತ್ತಿತ್ತು. ನಿಮ್ಮ ಡಾಕರ್‌ಫೈಲ್‌ನ ಮೊದಲ ಸಾಲಿನಲ್ಲಿ ಓಪನ್‌ಜೆಡಿಕೆ ಕೋಲನ್ 8 ಅಂತ ಇದ್ದರೆ ಈಗಲೇ ಎದ್ದುಹೋಗಿ ನೋಡಿ.

ಸಿಪಿಯು ಕಡೆಯೂ ಇದೇ ಕುರುಡುತನ. ಒಂದು ಸಿಪಿಯು ಕೊಟ್ಟಿದ್ದೆ, ಜೆವಿಎಂ ನಾಲ್ಕು ಕೋರ್ ನೋಡುತ್ತಿತ್ತು. ಮೊದಲು ಒಂದೇ ಕೋರ್ ಕಂಡಾಗ ಸೀರಿಯಲ್ ಜಿಸಿ ಆರಿಸಿಕೊಂಡಿತ್ತು, ಈಗ ತನ್ನನ್ನು ದೊಡ್ಡ ಸರ್ವರ್ ಅಂದುಕೊಂಡು ಪ್ಯಾರಲಲ್ ಜಿಸಿಗೆ ಹೋಗಿತ್ತು.

ರಾತ್ರಿಯ ತೇಪೆ

ಮರುದಿನ ಬೆಳಗ್ಗೆ ಹರಾಜಿಗೆ ಮುಂಚೆ ಏನಾದರೂ ಆಗಲೇಬೇಕು. ಸುಲಭದ ತೇಪೆ ಅಂದರೆ ಹೀಪ್ ಮಿತಿಯನ್ನು ನಾವೇ ಬರೆದು ಹೇಳುವುದು, ಎಕ್ಸ್‌ಎಂಎಕ್ಸ್ 1200 ಎಂಬಿ. ಕಂಪೋಸ್ ಫೈಲ್‌ನಲ್ಲಿ ಜಾವಾ_ಆಪ್ಟ್ಸ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಹಾಕಿದೆ, ಕಂಟೇನರ್ ಎಬ್ಬಿಸಿದೆ, ಮಲಗಿದೆ.

ಬೆಳಗ್ಗೆ ಮತ್ತೆ ಬಿತ್ತು.

ಜಾವಾ_ಆಪ್ಟ್ಸ್ ಅನ್ನುವುದನ್ನು ಜೆವಿಎಂ ಓದುವುದೇ ಇಲ್ಲ. ಅದು ಟಾಮ್‌ಕ್ಯಾಟ್‌ನಂಥವರ ಸ್ಟಾರ್ಟ್ ಸ್ಕ್ರಿಪ್ಟ್‌ಗಳು ತಾವಾಗಿ ಓದಿ ಜಾವಾಕ್ಕೆ ಕೊಡುವ ಒಂದು ರೂಢಿ, ಅಷ್ಟೇ. ನಮ್ಮ ಸ್ಕ್ರಿಪ್ಟ್‌ನಲ್ಲಿ ಅದರ ಹೆಸರೇ ಇರಲಿಲ್ಲ. ಜೆವಿಎಂ ತಾನಾಗಿ ಓದುವುದು ಜಾವಾ_ಟೂಲ್_ಆಪ್ಷನ್ಸ್. ಓದಿದರೆ ಶುರುವಿನಲ್ಲೇ 'ಪಿಕ್ಡ್ ಅಪ್ ಜಾವಾ_ಟೂಲ್_ಆಪ್ಷನ್ಸ್' ಅಂತ ಒಂದು ಸಾಲು ಲಾಗ್‌ಗೆ ಬಿಡುತ್ತದೆ. ಆ ಸಾಲು ಕಂಡ ಮೇಲೇ ಮಲಗಿ. ಜಾವಾ 9ರಿಂದ ಜೆಡಿಕೆ_ಜಾವಾ_ಆಪ್ಷನ್ಸ್ ಅಂತ ಇನ್ನೊಂದು ಇದೆ, ಅದು 8ರಲ್ಲಿ ನಡೆಯುವುದಿಲ್ಲ. ಮತ್ತೆ, ಸ್ಕ್ರಿಪ್ಟ್‌ನಲ್ಲೇ ಫ್ಲ್ಯಾಗ್ ಬರೆಯುವವರು ಮೈನಸ್ ಜಾರ್‌ಗೆ ಮುಂಚೆ ಬರೆಯಬೇಕು. ಜಾರ್ ಹೆಸರಾದ ಮೇಲೆ ಬರೆದದ್ದೆಲ್ಲ ನಿಮ್ಮ ಆ್ಯಪ್‌ಗೆ ಆರ್ಗ್ಯುಮೆಂಟ್ ಆಗಿ ಹೋಗುತ್ತದೆ, ಜೆವಿಎಂ ಅದನ್ನು ನೋಡುವುದೇ ಇಲ್ಲ, ಎರರ್ರೂ ಕೊಡುವುದಿಲ್ಲ.

ಹುಡುಕುವಾಗ ಯೂಸ್‌ಸಿಗ್ರೂಪ್‌ಮೆಮೊರಿಲಿಮಿಟ್‌ಫಾರ್‌ಹೀಪ್ ಹಾಕಿ ಅನ್ನುವ ಸಲಹೆ ಬಹಳ ಕಡೆ ಸಿಗುತ್ತದೆ. 8ರ ಅಪ್‌ಡೇಟ್ 131ರ ಕಾಲದ ಪ್ರಯೋಗದ ಫ್ಲ್ಯಾಗ್ ಅದು. ಎರಡನೇ ಸಿಗ್ರೂಪ್‌ಗೆ ಅದರಿಂದ ಉಪಯೋಗ ಇಲ್ಲ, 11ರಲ್ಲಿ ತೆಗೆದೇ ಹಾಕಿದ್ದಾರೆ, ಅಲ್ಲಿ ಹಾಕಿದರೆ ಜೆವಿಎಂ ಏಳುವುದೇ ಇಲ್ಲ.

2 ಜಿಬಿ ಇದ್ದರೂ 1200 ಎಂಬಿ ಯಾಕೆ, 1900 ಯಾಕಲ್ಲ? ಯಾಕೆಂದರೆ ಹೀಪ್ ಅನ್ನುವುದು ಜಾವಾ ತಿನ್ನುವ ಊಟದಲ್ಲಿ ಮುದ್ದೆ ಮಾತ್ರ. ಸಾರು, ಪಲ್ಯ ಬೇರೆ ಇದೆ. ಕ್ಲಾಸುಗಳಿಗೆ ಮೆಟಾಸ್ಪೇಸ್, ಕಂಪೈಲ್ ಆದ ಕೋಡ್‌ಗೆ ಕೋಡ್ ಕ್ಯಾಶ್ 240 ಎಂಬಿವರೆಗೆ, ಪ್ರತಿ ಥ್ರೆಡ್ಡಿಗೂ 1 ಎಂಬಿವರೆಗೆ ಸ್ಟ್ಯಾಕ್, ಟಾಮ್‌ಕ್ಯಾಟ್ ಡಿಫಾಲ್ಟ್ ಆಗಿ 200 ಥ್ರೆಡ್‌ವರೆಗೆ ಹೋಗುತ್ತದೆ, ಜೊತೆಗೆ ಡೈರೆಕ್ಟ್ ಬಫರ್. ಇದೆಲ್ಲ ಒಟ್ಟಿಗೆ ತುಂಬುವುದಿಲ್ಲ, ನಿಜ. ಆದರೆ ಅರ್ಧ ತುಂಬಿದರೂ 1900ರ ಹೀಪ್ ಪಕ್ಕದಲ್ಲಿ ಅದಕ್ಕೆ ಜಾಗ ಇಲ್ಲ. ನಿಮ್ಮ ಆ್ಯಪ್ ಎಷ್ಟು ತಿನ್ನುತ್ತದೆ ಅಂತ ನೋಡಬೇಕೆಂದರೆ ನೇಟಿವ್‌ಮೆಮೊರಿಟ್ರ್ಯಾಕಿಂಗ್ ಸಮರಿ ಅಂತ ಹಾಕಿ, ಜೆಸಿಎಂಡಿಯಲ್ಲಿ ವಿಎಂ ಡಾಟ್ ನೇಟಿವ್_ಮೆಮೊರಿ ಕೇಳಿ. ಸ್ವಲ್ಪ ವೇಗ ತಿನ್ನುತ್ತದೆ, ನೋಡಿದ ಮೇಲೆ ತೆಗೆದುಬಿಡಿ. ಜೆಆರ್‌ಇ (ಜಾವಾ ಓಡಿಸಲು ಬೇಕಾದಷ್ಟೇ ಭಾಗ) ಮಾತ್ರ ಇರುವ ಇಮೇಜ್‌ನಲ್ಲಿ ಜೆಸಿಎಂಡಿ ಇರುವುದಿಲ್ಲ, ಪರೀಕ್ಷೆಯ ದಿನ ಪೂರ್ತಿ ಜೆಡಿಕೆ ಇಮೇಜ್ ಹಾಕಿಕೊಳ್ಳಿ.

ಸರಿಯಾದ ರಿಪೇರಿ, ಅದರಿಂದ ಹುಟ್ಟಿದ ಹೊಸ ತೊಂದರೆ

ಸೀಸನ್ ನಡುವೆ ಜಾವಾ 17ಕ್ಕೆ ಹಾರುವ ಧೈರ್ಯ ನನಗಿಲ್ಲ. 8ರಲ್ಲೇ ಉಳಿದು, ಅಪ್‌ಡೇಟ್ 372 ದಾಟಿದ ಟೆಮುರಿನ್ ಅನ್ನುವ ಇನ್ನೊಂದು ಜಾವಾ ಇಮೇಜ್‌ಗೆ ಹೋದೆ. ಎಕ್ಸ್‌ಎಂಎಕ್ಸ್ ತೆಗೆದು ಮ್ಯಾಕ್ಸ್‌ರ್‍ಯಾಮ್‌ಪರ್ಸೆಂಟೇಜ್ 60.0 ಹಾಕಿದೆ. ಆ ಪಾಯಿಂಟ್ ಸೊನ್ನೆ ಬಿಡಬೇಡಿ, ಜಾವಾ 8ರಲ್ಲಿ ಬರೀ 60 ಅಂದರೆ ಫ್ಲ್ಯಾಗ್ ಸರಿಯಿಲ್ಲ ಅಂತ ಏಳುವುದೇ ಇಲ್ಲ. ಎಕ್ಸ್‌ಎಂಎಕ್ಸ್ ಎಲ್ಲಾದರೂ ಉಳಿದಿದ್ದರೆ ಪರ್ಸೆಂಟೇಜ್‌ಗೆ ಬೆಲೆ ಇಲ್ಲ, ಅದೂ ನೆನಪಿರಲಿ. ಮತ್ತೆ ಪ್ರಿಂಟ್‌ಫ್ಲ್ಯಾಗ್ಸ್‌ಫೈನಲ್ ಓಡಿಸಿದೆ, ಮ್ಯಾಕ್ಸ್‌ಹೀಪ್‌ಸೈಜ್ 1.2 ಜಿಬಿ ಆಸುಪಾಸು. ಗೋಡೆ ಕಾಣುತ್ತಿದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಇಮೇಜ್ ಸಣ್ಣದಾಗಲಿ ಅಂತ ಸುಮ್ನೆ ಒಂದು ಬುದ್ಧಿವಂತಿಕೆ ಮಾಡಿದೆ: ಟೆಮುರಿನ್‌ನಿಂದ ಜೆಆರ್‌ಇ ಫೋಲ್ಡರ್ ಮಾತ್ರ ಎತ್ತಿ ಡೆಬಿಯನ್ ಸ್ಲಿಮ್ ಮೇಲೆ ಇಟ್ಟೆ. ಆ್ಯಪ್ ಎದ್ದಿತು. ಮೊದಲ ಪಟ್ಟಿ ಪ್ರಿಂಟ್ ಕೊಟ್ಟಾಗ ಫಾಂಟ್‌ಕಾನ್ಫಿಗರೇಷನ್ ಅನ್ನುವ ಕ್ಲಾಸ್‌ನಲ್ಲಿ ನಲ್‌ಪಾಯಿಂಟರ್. ಸ್ಲಿಮ್ ಇಮೇಜ್‌ನಲ್ಲಿ ಫಾಂಟ್‌ಕಾನ್ಫಿಗ್ ಲೈಬ್ರರಿಯೇ ಇಲ್ಲ, ಒಂದು ಫಾಂಟೂ ಇಲ್ಲ. ಹಾಕಿದೆ. ಈಗ ಪಟ್ಟಿ ಬಂತು, ಆದರೆ 'ಶ್ರೀನಿವಾಸಪುರ' ಇರಬೇಕಾದ ಕಡೆ ಸಾಲಾಗಿ ಖಾಲಿ ಚೌಕ. ಕೆಲವು ಕಡೆ ಪ್ರಶ್ನೆಚಿಹ್ನೆ.

ಕನ್ನಡದಲ್ಲಿ ಪ್ರಿಂಟ್ ಕೊಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಚೌಕ ಬಂದರೆ ಅಕ್ಷರ ಸರಿಯಾಗಿ ತಲುಪಿದೆ, ಅದನ್ನು ಬರೆಯಲು ಫಾಂಟ್ ಇಲ್ಲ, ನೋಟೋ ಸ್ಯಾನ್ಸ್ ಕನ್ನಡದಂಥದ್ದು ಹಾಕಿ. ಪ್ರಶ್ನೆಚಿಹ್ನೆ ಬಂದರೆ ಅಕ್ಷರ ದಾರಿಯಲ್ಲೇ ಸತ್ತಿದೆ, ಎನ್‌ಕೋಡಿಂಗ್ ತಪ್ಪು, ಎಷ್ಟು ಫಾಂಟ್ ಹಾಕಿದರೂ ಬರುವುದಿಲ್ಲ. ಅಕ್ಷರ ಬಂದು 'ಶ್ರೀ'ಯ ಒತ್ತು ಮಾತ್ರ ಪಕ್ಕಕ್ಕೆ ಬಿದ್ದಿದ್ದರೆ ಅದು ನಿಮ್ಮ ಪಿಡಿಎಫ್ ಲೈಬ್ರರಿಯ ಕೈಲಾಗದ ಕೆಲಸ, ಕಂಟೇನರ್ ಬೈಯಬೇಡಿ. ನಮ್ಮಲ್ಲಿ ಮೊದಲ ಎರಡೂ ಇದ್ದವು. ಹಳೆ ಇಮೇಜ್‌ನಲ್ಲಿ ಲ್ಯಾಂಗ್ ಅನ್ನುವ ವೇರಿಯಬಲ್ ಸಿ ಡಾಟ್ ಯುಟಿಎಫ್-8 ಅಂತ ಅದರೊಳಗೇ ಬರುತ್ತಿತ್ತು, ನಾನು ಕಟ್ಟಿದ್ದರಲ್ಲಿ ಇರಲಿಲ್ಲ. ಜಾವಾ 18ರಿಂದ ಯುಟಿಎಫ್-8 ಡಿಫಾಲ್ಟ್ ಆಗಿದೆ, ಅದಕ್ಕಿಂತ ಹಳೆಯದು ಲೊಕೇಲ್ ನೋಡುತ್ತದೆ. ಲ್ಯಾಂಗ್ ಸೇರಿಸಿದ ಮೇಲೆ ಪ್ರಶ್ನೆಚಿಹ್ನೆ ಹೋಯಿತು.

ಮೂರನೆಯದನ್ನು ಹಿಡಿದದ್ದು ಗುಮಾಸ್ತರು. ಬೆಳಗಿನ ಜಾವ ಇಳಿಸಿದ ಮಾಲಿನ ಚೀಟಿಗಳಲ್ಲಿ ಕೆಲವಕ್ಕೆ ಹಿಂದಿನ ದಿನದ ತಾರೀಖು ಬಿದ್ದಿತ್ತು, ಕೆಲವಕ್ಕೆ ಸರಿಯಾಗಿತ್ತು.

"ಐದೂವರೆ ಒಳಗೆ ಬಂದವು ಎಲ್ಲ ನೆನ್ನೆ ಲೆಕ್ಕಕ್ಕೆ ಹೋಗ್ತಾವೆ ಸಾರ್."

ಐದೂವರೆ ಅಂದ ಕೂಡಲೇ ಹೊಳೆಯಿತು. ಟೈಮ್‌ಝೋನ್ ಹೇಳದ ಕಂಟೇನರ್ ಯುಟಿಸಿಯಲ್ಲಿ ಓಡುತ್ತದೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕೋಲಾರದಲ್ಲಿ ಬೆಳಗ್ಗೆ 5.30 ಆಗುವವರೆಗೂ ಕಂಟೇನರ್ ಒಳಗೆ ಇನ್ನೂ ನಿನ್ನೆಯೇ. ಹಳೆ ಡಾಕರ್‌ಫೈಲ್‌ನಲ್ಲಿ ಟಿಝಡ್ ಏಷ್ಯಾ ಸ್ಲ್ಯಾಷ್ ಕೋಲ್ಕತಾ ಅಂತ ಒಂದು ಸಾಲು ಇತ್ತು, ಹೊಸದು ಬರೆಯುವಾಗ ಬಿಟ್ಟುಹೋಗಿತ್ತು. ಆಫೀಸ್ ಹೊತ್ತಿನಲ್ಲಿ ಮಾತ್ರ ಓಡುವ ಆ್ಯಪ್ ಆಗಿದ್ದರೆ ಇದು ತಿಂಗಳುಗಟ್ಟಲೆ ಗೊತ್ತೇ ಆಗುತ್ತಿರಲಿಲ್ಲ. ಸಾಲು ಸೇರಿಸಿದೆ, ತಪ್ಪು ಬಿದ್ದಿದ್ದ ತಾರೀಖುಗಳನ್ನು ಗುಮಾಸ್ತರ ಪುಸ್ತಕ ಇಟ್ಟುಕೊಂಡು ಒಂದೊಂದಾಗಿ ತಿದ್ದಿದೆ. ಅವರು ಎಲ್ಲವನ್ನೂ ಪೆನ್ನಲ್ಲೂ ಬರೆದಿಟ್ಟಿದ್ದರು, ಪುಣ್ಯ.

ಅಲ್ಲಿಂದ ಜುಲೈ ಕೊನೆವರೆಗೆ ಬಿಲ್ಲಿಂಗ್ ಕಂಟೇನರ್ ತಾನಾಗಿ ಬಿದ್ದಿಲ್ಲ. ಹರಾಜಿನ ಹೊತ್ತಿನಲ್ಲಿ ಡಾಕರ್ ಸ್ಟ್ಯಾಟ್ಸ್ ನೋಡಿದರೆ 1.6 ಜಿಬಿ ಹತ್ತಿರ ಹೋಗಿ ಅಲ್ಲೇ ಆಡುತ್ತಿರುತ್ತದೆ. ರಿಪೋರ್ಟ್ ಸರ್ವಿಸ್ ಮಾತ್ರ ಇನ್ನೂ ಅದೇ 342ರ ಇಮೇಜ್‌ನಲ್ಲಿದೆ, ಎಕ್ಸ್‌ಎಂಎಕ್ಸ್ ತೇಪೆ ಹಾಕಿ ಬಿಟ್ಟಿದ್ದೇನೆ. ಟೊಮ್ಯಾಟೊ ಗಲಾಟೆ ಇಳಿದ ಮೇಲೆ ಎರಡನ್ನೂ ಒಟ್ಟಿಗೆ 17ಕ್ಕೆ ಎತ್ತಬೇಕು, ಆಗ ಇನ್ನೇನು ಒಡೆಯುತ್ತದೋ.